ಬಿಡುವಿನ ಋಣ

ದೇಶ ಸುತ್ತು, ಕೋಶ ಓದು ಎಂಬುದು ನಮ್ಮ ಹಿರಿಯರ ಮಾತು. ಈ ಮಾತನ್ನು ನಾವು ವರ್ಷಕ್ಕೊಮ್ಮೆ ನಾಲ್ಕನೆಯ ತರಗತಿಯ ಮಕ್ಕಳಿಗೆ ಕರಿಹಲಗೆಯ ಮೇಲೆ ಬರೆದು ತೋರಿಸುತ್ತೇವೆ. ಅವರು ದುಂಡಗಿನ ಅಕ್ಷರಗಳಲ್ಲಿ ಅದನ್ನು ಹತ್ತು ಸಲ ಬರೆದು ತರುತ್ತಾರೆ. ದೇಶ ಸುತ್ತುವುದಕ್ಕೆ ಬಿಡುವು ಬೇಕು, ಹಣ ಬೇಕು, ಮನೆಯಲ್ಲಿ ಯಾರೂ ಹಾಸಿಗೆ ಹಿಡಿದಿರಬಾರದು ಎಂಬುದನ್ನು ಮಾತ್ರ ಗಾದೆ ಹೇಳುವುದಿಲ್ಲ. ಅದು ಹೇಳದೆ ಬಿಟ್ಟ ಇನ್ನೊಂದು ಸಂಗತಿಯೂ ಉಂಟು. ಒಬ್ಬನು ದೇಶ ಸುತ್ತಲು ಹೊರಟಾಗ ಆತನ ಬಿಡುವಿನ ಬೆಲೆಯನ್ನು ತೆರುವವರು ಯಾರು? ಆತನೇ ಎನ್ನುವುದು ಸುಲಭವಾದ ಉತ್ತರ. ಆ ಉತ್ತರದಲ್ಲಿ ನಮಗಿದ್ದ ನಂಬಿಕೆ 2025ರ ಮೇ ತಿಂಗಳಿನಲ್ಲಿ, ಕಡಲ ದಂಡೆಯ ಒಂದು ಪಟ್ಟಣದಲ್ಲಿ, ಒಂದೇ ಹಗಲಿನೊಳಗೆ ಸಡಿಲವಾಯಿತು. ಅದನ್ನು ನಮ್ಮ ಸಂಘದ ಬಳಗದ ಮುಂದೆ ಇಡುವುದಕ್ಕಾಗಿ ಈ ಬರಹ.

ಮೊದಲು ನಮ್ಮ ಸ್ಥಿತಿಯನ್ನು ಹೇಳಬೇಕು. ನಾವು ಆದವಾನಿಯ ಕಡೆಯ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ಪಾಠ ಹೇಳುವವರು. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದು ಬಳ್ಳಾರಿ ಮೈಸೂರಿಗೂ ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೂ ಸೇರಿದಂದಿನಿಂದ ನಮ್ಮ ಮನೆಯ ಮಾತಿನ ಕಡಲು ಪಡುವಣಕ್ಕೂ ಸರಕಾರದ ಕಡಲು ಮೂಡಣಕ್ಕೂ ಇವೆ. ಎರಡನ್ನೂ ನಾವು ಕಂಡಿರಲಿಲ್ಲ. ಹತ್ತಿಯ ಹೊಲ, ಕರಿಮಣ್ಣು, ಬೇಸಗೆಯಲ್ಲಿ ಬತ್ತುವ ಬಾವಿ, ಇವು ನಮ್ಮ ಲೋಕ. ಮದುವೆಯಾಗಿ ಒಂಬತ್ತು ವರ್ಷಗಳಾದರೂ ನಾವಿಬ್ಬರೂ ಕೂಡಿ ಮಂತ್ರಾಲಯ, ಶ್ರೀಶೈಲ, ಹಂಪೆಗಳನ್ನು ಬಿಟ್ಟು ಬೇರೆಡೆಗೆ ಹೋದವರಲ್ಲ. ದೇವರ ಹೆಸರಿಲ್ಲದೆ ಬರಿಯ ಸಂತೋಷಕ್ಕಾಗಿ ಮನೆ ಬಿಡುವುದು ನಮ್ಮಂಥವರ ಮನೆಗಳಲ್ಲಿ ಇನ್ನೂ ಅರ್ಧ ತಪ್ಪೆಂದೇ ಗಣನೆ. ಆದರೂ ನಮ್ಮ ಮನೆಯವರು ಒಂದು ಚೀಟಿ ಹಾಕಿ, ತಿಂಗಳು ತಿಂಗಳು ಕಟ್ಟಿ, ಕಳೆದ ಡಿಸೆಂಬರಿನಲ್ಲಿ ಅದನ್ನು ಎತ್ತಿದ್ದರು. ವಿಶಾಖಪಟ್ಟಣದ ಕಡಲನ್ನು ಒಮ್ಮೆ ನೋಡಿ ಬರಬೇಕೆಂಬುದು ಅವರ ಆಸೆ. ಹಣ ಪೆಟ್ಟಿಗೆಯಲ್ಲಿತ್ತು.

ಅದೇ ವಾರದ ಒಂದು ಸಂಜೆ ನಮ್ಮ ತರಗತಿಯ ಒಬ್ಬ ಹುಡುಗಿಯ ತಂದೆ ಮನೆಗೆ ಬಂದನು. ಆ ಸೀಮೆಯವರಿಗೆ ಗೊತ್ತಿರುವಂತೆ, ಹತ್ತಿಯ ಕೆಲಸ ಮುಗಿದ ಮೇಲೆ ಊರಿನಲ್ಲಿ ಕೂಲಿ ಇರುವುದಿಲ್ಲ. ಮನೆ ಮನೆಗಳೇ ಬೀಗ ಹಾಕಿಕೊಂಡು ಗುಂಟೂರಿನ ಕಡೆಗೆ ಮೆಣಸಿನಕಾಯಿ ಬಿಡಿಸಲು ಹೊರಟುಹೋಗುತ್ತವೆ. ಮಕ್ಕಳೂ ತಾಯಿತಂದೆಯರೊಡನೆ ಹೋಗುತ್ತವೆ. “ಈ ಸಲ ಹುಡುಗಿನ ಅವಳ ಅಜ್ಜಿ ಹತ್ರ ಬಿಟ್ಟು ಹೋಗಬೇಕಂತ ಐತಿ ಸಾರ್. ಸಾಲಿ ತಪ್ಪಬಾರದು. ಮೂರು ತಿಂಗಳಿಗೆ ಅಜ್ಜಿ ಕೈಗೆ ನಾಕು ಸಾವಿರ ಕೊಟ್ಟು ಹೋಗಬೇಕು. ಬಂದ ಮ್ಯಾಲೆ ತೀರಿಸ್ತೀನಿ” ಎಂದನು. ನಾವು, “ಈ ತಿಂಗಳು ಕೈ ಬಿಗಿಯಾಗಿದೆಯಪ್ಪ, ಇದ್ದರೆ ಇಲ್ಲವೆನ್ನುತ್ತಿದ್ದೆವೆ?” ಎಂದೆವು. ಒಳಗೆ ಒಲೆಯ ಮುಂದಿದ್ದ ನಮ್ಮ ಮನೆಯವರು ಇದನ್ನು ಕೇಳಿಸಿಕೊಂಡರು, ಮಾತಾಡಲಿಲ್ಲ. ಆತ ಕೈಮುಗಿದು ಹೋದನು. ಹುಡುಗಿ ಜನವರಿಯ ಮೊದಲ ವಾರದಿಂದ ಶಾಲೆಗೆ ಬರಲಿಲ್ಲ. ಏಪ್ರಿಲ್ ತಿಂಗಳಲ್ಲಿ ಹಿಂದಿರುಗಿದಾಗ ಭಾಗಾಕಾರವನ್ನು ಮರೆತಿದ್ದಳು. ಬೆರಳುಗಳು ಇನ್ನೂ ಉರಿಯುತ್ತವೆ ಎಂದು ಬಳಪ ಹಿಡಿಯದೆ ಕುಳಿತಿದ್ದಳು.

ಇದಿಷ್ಟನ್ನೂ ಗಂಟು ಕಟ್ಟಿ ಮನೆಯಲ್ಲಿ ಇಟ್ಟು ಬಂದೆವೆಂದು ತಿಳಿದು ನಾವು ಮೇ ಕೊನೆಯ ವಾರದಲ್ಲಿ ಗುಂತಕಲ್ಲಿನಲ್ಲಿ ರೈಲು ಹತ್ತಿದೆವು.

ವಿಶಾಖಪಟ್ಟಣದಲ್ಲಿ ನಾವು ಕಂಡದ್ದು ಒಂದು ಹಗಲು ಮಾತ್ರ. ಬೆಳಗಿನ ಐದು ಗಂಟೆಗೆ ರಾಮಕೃಷ್ಣ ಬೀಚಿಗೆ ಹೋದೆವು. ಅಲ್ಲಿರುವ ರಾಮಕೃಷ್ಣ ಮಿಷನ್ನಿನ ಆಶ್ರಮದಿಂದ ಆ ದಂಡೆಗೆ ಆ ಹೆಸರು. ಮೂಡಣ ಕಡಲಾದುದರಿಂದ ಸೂರ್ಯನು ನೀರಿನೊಳಗಿಂದಲೇ ಏಳುತ್ತಾನೆ. ನಮ್ಮ ಮನೆಯವರು ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಪಾದ ಮುಳುಗುವಷ್ಟು ನೀರಿನಲ್ಲಿ ನಿಂತು, ಬಹಳ ಹೊತ್ತು ಮಾತೇ ಆಡಲಿಲ್ಲ. ಕಡೆಗೆ, “ಇಷ್ಟು ನೀರು ಐತಿ, ಒಂದು ಕೊಡ ಒಯ್ಯಂಗಿಲ್ಲ ನೋಡ್ರಿ” ಎಂದರು. ಬೇಸಗೆಯಲ್ಲಿ ನೀರಿನ ಸರದಿಗೆ ನಿಂತು ಬೆಳೆದವರಿಗೆ ಮಾತ್ರ ತೋಚುವ ಮಾತು ಅದು. ಸ್ವಲ್ಪ ದೂರದಲ್ಲಿ ಹದಿನೈದು ಇಪ್ಪತ್ತು ಮಂದಿ ಎರಡು ಸಾಲಾಗಿ ಹಗ್ಗ ಹಿಡಿದು ಬಲೆಯನ್ನು ದಡಕ್ಕೆ ಎಳೆಯುತ್ತಿದ್ದರು; ನಮ್ಮ ಪಡುವಣ ಕರಾವಳಿಯವರು ರಂಪಣಿ ಎಂದು ಕರೆಯುವ ಬಗೆಯ ಬಲೆ. ಪ್ರವಾಸಿಗಳು ಸುತ್ತ ನಿಂತು ಮೊಬೈಲಿನಲ್ಲಿ ಚಿತ್ರ ಹಿಡಿಯುತ್ತಿದ್ದರು, ನಾವೂ ಹಿಡಿದೆವು. ಒಂದು ಗಂಟೆಯ ಎಳೆತದ ಮೇಲೆ ಬಲೆ ಬಂದಿತು. ಮೀನು ಎರಡು ಬುಟ್ಟಿ ತುಂಬಲಿಲ್ಲ. ನೋಡುವವರು ನಿರಾಶರಾಗಿ ಚದರಿದರು. ಎಳೆದವರು ಬುಟ್ಟಿಗಳ ಮುಂದೆ ಕುಳಿತು ಪಾಲು ಹಾಕತೊಡಗಿದರು. ಒಂದೇ ದೃಶ್ಯ ಒಬ್ಬರಿಗೆ ನೋಟ, ಇನ್ನೊಬ್ಬರಿಗೆ ಊಟ ಎಂಬುದು ಆಗ ನಮ್ಮ ಮನಸ್ಸನ್ನು ಮೊದಲ ಸಲ ಚುಚ್ಚಿತು.

ಅಲ್ಲಿಂದ ಮೀನುಗಾರಿಕೆಯ ಬಂದರಿಗೆ ನಡೆದೆವು. ದಕ್ಷಿಣಕ್ಕೆ ಡಾಲ್ಫಿನ್ಸ್ ನೋಸ್ ಎಂಬ ಗುಡ್ಡ ಕಡಲಿನೊಳಕ್ಕೆ ಮೂತಿ ಚಾಚಿದೆ. ಅದರ ಆಸರೆಯಲ್ಲಿ 1933ರಲ್ಲಿ ತೆರೆದ ದೊಡ್ಡ ಬಂದರಿದೆ. ಬಂದರಿನ ಬಾಯಿಯ ಹತ್ತಿರದ ಮೂರು ಗುಡ್ಡಗಳಲ್ಲಿ ಒಂದರ ಮೇಲೆ ಇಗರ್ಜಿ, ಇನ್ನೊಂದರ ಮೇಲೆ ದರ್ಗಾ, ಮತ್ತೊಂದರ ಮೇಲೆ ವೆಂಕಟೇಶ್ವರನ ಗುಡಿ. ಕಡಲಿಗೆ ಹೋಗುವವನು ಯಾವ ದೇವರನ್ನೂ ಬಿಡಲಾರನಷ್ಟೆ. ಮೀನುಗಾರಿಕೆಯ ಬಂದರಿನಲ್ಲಿ ಯಂತ್ರದ ದೋಣಿಗಳು ಒಂದಕ್ಕೊಂದು ತಾಗಿಕೊಂಡು, ನೀರೇ ಕಾಣದಂತೆ, ಕಟ್ಟಿ ನಿಂತಿದ್ದವು. ಹಬ್ಬವೇನಾದರೂ ಇರಬಹುದೆಂದು ಭಾವಿಸಿ, ಬಲೆ ಹೆಣೆಯುತ್ತ ಕುಳಿತಿದ್ದ ಒಬ್ಬ ಮುದುಕನನ್ನು ತೆಲುಗಿನಲ್ಲಿ ಕೇಳಿದೆವು. ಪ್ರತಿ ವರ್ಷ ಏಪ್ರಿಲ್ 15ರಿಂದ ಜೂನ್ 14ರ ವರೆಗೆ, ಅರವತ್ತೊಂದು ದಿನ, ಈ ಕರಾವಳಿಯಲ್ಲಿ ಯಂತ್ರದ ದೋಣಿಗಳು ಕಡಲಿಗೆ ಇಳಿಯಕೂಡದೆಂದು ಸರಕಾರದ ನಿಷೇಧ. ಅದು ಮೀನು ಮೊಟ್ಟೆಯಿಡುವ ಕಾಲ. ಬೆಳಗ್ಗೆ ನಾವು ಕಂಡಂಥ ಕೈಬಲೆಗೆ ಮಾತ್ರ ಅಡ್ಡಿಯಿಲ್ಲ.

“ಹಾಗಾದರೆ ನಿಮಗೂ ನಮ್ಮ ಹಾಗೆ ಬೇಸಗೆಯ ರಜೆ” ಎಂದು ನಾವು ನಕ್ಕು ಹೇಳಿದೆವು.

ಆತ ಬಲೆಯಿಂದ ತಲೆಯೆತ್ತಲಿಲ್ಲ. “ರಜೆ ಮೀನಿಗೆ, ನಾಯನಾ. ನಮಗಲ್ಲ” ಎಂದನು.

ಆಮೇಲೆ ತಾನಾಗಿಯೇ ವಿವರಿಸಿದನು. ಈ ಎರಡು ತಿಂಗಳು ದೋಣಿಗೆ ಬಣ್ಣ, ಬಲೆಗೆ ಹೊಲಿಗೆ, ಅಂಗಡಿಯಲ್ಲಿ ಸಾಲ. ಸರಕಾರದ ಪರಿಹಾರದ ಹಣವೂ ಆ ಸಾಲಕ್ಕೇ ಹೋಗುತ್ತದೆ. ನಿಷೇಧ ಬೇಡವೆಂದು ಮಾತ್ರ ತಾನು ಹೇಳಲಾರೆ. ಕಡಲಿಗೆ ಬಿಡುವು ಕೊಡದೆ ಬಾಚಿದ್ದರಿಂದಲೇ ಮೀನು ಸಣ್ಣದಾದುದನ್ನು ತಾನು ಕಂಡಿದ್ದೇನೆ. 2023ರ ನವೆಂಬರ್ 19ರ ರಾತ್ರಿ ಇದೇ ಬಂದರಿನಲ್ಲಿ ಬೆಂಕಿ ಬಿದ್ದು ಮೂವತ್ತಕ್ಕೂ ಮೇಲ್ಪಟ್ಟು ದೋಣಿಗಳು ಉರಿದುಹೋದವು. ಅದನ್ನೂ ತಾಳಿಕೊಂಡೆವು, ಇದನ್ನೂ ತಾಳಿಕೊಳ್ಳುತ್ತೇವೆ. ಇಷ್ಟು ಹೇಳಿ ಆತ ನಮ್ಮನ್ನು ಒಂದೇ ಒಂದು ಪ್ರಶ್ನೆ ಕೇಳಿದನು: “ನಿಮ್ಮ ರಜೆಯಲ್ಲಿ ನಿಮಗೆ ಸಂಬಳ ಬರುತ್ತದೆಯೆ?” ಬರುತ್ತದೆ ಎಂದೆವು. “ಒಳ್ಳೆಯದು” ಎಂದನು. ಆ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ನಮಗೆ ಎಷ್ಟೋ ಹಗುರವಾಗುತ್ತಿತ್ತು.

ಮಧ್ಯಾಹ್ನದೊಳಗೆ ಭೀಮಿಲಿಯ ರಸ್ತೆಯಲ್ಲಿರುವ ತೊಟ್ಲಕೊಂಡವನ್ನು ಏರಿದೆವು. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಅಲ್ಲಿ ಬೌದ್ಧ ಭಿಕ್ಷುಗಳ ವಿಹಾರವಿತ್ತು. 1988ರಿಂದ 1993ರ ವರೆಗೆ ಅಗೆದು ಅದನ್ನು ಬೆಳಕಿಗೆ ತಂದರು. ಬಂಡೆಯಲ್ಲಿ ಕೊರೆದ ನೀರಿನ ತೊಟ್ಟಿಗಳಿಂದಲೇ ಬೆಟ್ಟಕ್ಕೆ ಆ ಹೆಸರು; ಆ ಪದವನ್ನು ನಮಗೆ ಯಾರೂ ಅನುವಾದಿಸಬೇಕಾಗಲಿಲ್ಲ. ಈಗ ಉಳಿದಿರುವುದು ಇಟ್ಟಿಗೆ ಕಲ್ಲುಗಳ ಅಡಿಪಾಯ: ಸ್ತೂಪದ ದುಂಡು, ಸಾಲಾಗಿ ಸಣ್ಣ ಕೋಣೆಗಳು, ಕೂಡಿ ಉಣ್ಣುತ್ತಿದ್ದ ಶಾಲೆ, ಕೆಳಗೆ ಕಡಲು. ಸಾತವಾಹನರ ನಾಣ್ಯಗಳೂ ರೋಮಿನ ಬೆಳ್ಳಿಯ ನಾಣ್ಯಗಳೂ ಅಲ್ಲಿ ದೊರೆತಿವೆ. ಕೈಯಿಂದ ನಾಣ್ಯ ಮುಟ್ಟಬಾರದೆಂಬ ವ್ರತದವರ ಮನೆಯಲ್ಲಿ ನಾಣ್ಯ ಸಿಕ್ಕಿತೆಂದರೆ, ಕಡಲ ವ್ಯಾಪಾರಿಗಳು ದಾನ ಕೊಟ್ಟದ್ದರಿಂದ ಅವರ ಹೊಟ್ಟೆ ನಡೆಯುತ್ತಿತ್ತೆಂದೇ ಅರ್ಥಮಾಡಬೇಕು. ಮಳೆಗಾಲದ ಮೂರು ತಿಂಗಳು ಭಿಕ್ಷುಗಳು ತಿರುಗಾಡದೆ ಒಂದೆಡೆ ನಿಲ್ಲಬೇಕೆಂಬುದು ಅವರ ಧರ್ಮದ ಕಟ್ಟಳೆ. ಅದೂ ಒಂದು ಬಗೆಯ ರಜೆಯೇ. ಆದರೆ ಆ ರಜೆಯನ್ನು ಅವರು ತಮ್ಮ ಸಂಪಾದನೆ ಎಂದುಕೊಳ್ಳುವಂತಿರಲಿಲ್ಲ. ದಿನವೂ ಪಾತ್ರೆ ಹಿಡಿದು ಇನ್ನೊಬ್ಬರ ಬಾಗಿಲಲ್ಲಿ ನಿಲ್ಲಬೇಕಾದವನು ತನ್ನ ಬಿಡುವು ಯಾರ ದುಡಿಮೆಯ ಮೇಲೆ ನಿಂತಿದೆ ಎಂಬುದನ್ನು ಹೇಗೆ ಮರೆತಾನು? ಭಿಕ್ಷಾಪಾತ್ರೆ ಅವರ ಲೆಕ್ಕದ ಪುಸ್ತಕ. ನಮಗಾದರೋ ಸಂಬಳ ಬ್ಯಾಂಕಿನ ಖಾತೆಗೆ ನೇರವಾಗಿ ಬೀಳುತ್ತದೆ. ಕೊಡುವವರ ಮುಖ ಕಾಣುವುದಿಲ್ಲ.

ಮಧ್ಯಾಹ್ನದ ಮೇಲೆ ದಂಡೆಗೆ ಮರಳಿ, ಅಲ್ಲಿ ನೆಲೆಗೊಳಿಸಿರುವ ಕುರ್ಸುರಾ ಎಂಬ ಜಲಾಂತರ್ಗಾಮಿಯನ್ನು ನೋಡಿದೆವು. 1969ರಲ್ಲಿ ನೌಕಾಪಡೆಗೆ ಸೇರಿದ ಈ ಹಡಗು 1971ರ ಯುದ್ಧದಲ್ಲಿ ಕಾವಲು ತಿರುಗಿ, 2001ರಲ್ಲಿ ನಿವೃತ್ತವಾಗಿ, 2002ರಿಂದ ಪ್ರದರ್ಶನಾಲಯವಾಗಿದೆ. ತೊಂಬತ್ತು ಮೀಟರು ಉದ್ದದ ಕಬ್ಬಿಣದ ಕೊಳವೆಯೊಳಗೆ ಎಪ್ಪತ್ತಕ್ಕೂ ಹೆಚ್ಚು ಮಂದಿ ವಾರಗಟ್ಟಲೆ ಇರುತ್ತಿದ್ದರು. ಮಲಗುವ ಹಲಗೆಗಳು ನಮ್ಮ ಶಾಲೆಯ ಬೆಂಚಿಗಿಂತ ಅಗಲವಿಲ್ಲ. ಬಾಗಿ ಬಾಗಿ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹೊರಬಂದು, ಗಾಳಿಯಲ್ಲಿ ನಿಂತಾಗ, ನಮ್ಮ ಮನೆಯವರು, “ಮಂದಿ ನಿದ್ದಿಗೆ ಮಂದಿ ಎಚ್ಚರಿರಬೇಕಾಗ್ತದ” ಎಂದರು. ಬೆಳಗಿನಿಂದ ನಾವು ಎಲ್ಲೆಲ್ಲಿ ಹೋದೆವೋ ಅಲ್ಲೆಲ್ಲ ಈ ಒಂದೇ ಮಾತು ನಮಗಾಗಿ ಕಾದು ಕುಳಿತಿತ್ತು.

ಸಂಜೆ ದಂಡೆಯ ಮರಳಿನಲ್ಲಿ ಕುಳಿತೆವು. ಮಕ್ಕಳು ಕೂಗಾಡುತ್ತಿದ್ದರು, ಮುರಿ ಮಿಕ್ಸ್ಚರು ಮಾರುವವರು, ಸುಟ್ಟ ಜೋಳದ ತೆನೆಯವರು, ಬಲೂನಿನವರು ಓಡಾಡುತ್ತಿದ್ದರು. ಆಗ ನಮ್ಮ ಮನೆಯವರು ಡಿಸೆಂಬರಿನ ಆ ಸಂಜೆಯನ್ನು ಎತ್ತಿದರು. “ಅವತ್ತು ರೊಕ್ಕ ಇಲ್ಲ ಅಂದಿವಿ. ಆ ರೊಕ್ಕದ ಮ್ಯಾಲೆ ಇಲ್ಲಿ ಕುಂತೀವಿ” ಎಂದರು. ನಾವು ಒಂದು ಕ್ಷಣ ಸಿಟ್ಟಾದೆವು. ಸತ್ಯವನ್ನು ಹೇಳಿದವರ ಮೇಲೆ ಬರುವ ಸಿಟ್ಟು ಅದು. ಆ ಮೇಲೆ ಕತ್ತಲಾಗುವ ವರೆಗೆ ಇಬ್ಬರೂ ವಾದಿಸಿದೆವು. ಆ ವಾದದ ಸಾರ ಹೀಗೆ.

ಮೊದಲನೆಯ ಪಕ್ಷ: ಹಣ ನಮ್ಮದು, ನ್ಯಾಯವಾಗಿ ಗಳಿಸಿದ್ದು, ಅದರಿಂದ ಕೊಂಡ ಸಂತೋಷವೂ ನಮ್ಮದೇ. ವಿಶ್ರಾಂತಿ ಯಾರೂ ಕರುಣೆಯಿಂದ ಕೊಟ್ಟ ಭಿಕ್ಷೆಯಲ್ಲ. ಮುಂಬಯಿಯ ಗಿರಣಿ ಕೆಲಸಗಾರರಿಗೆ ವಾರಕ್ಕೊಂದು ದಿನದ ಬಿಡುವು ದೊರೆಯಲು ನಾರಾಯಣ ಮೇಘಾಜಿ ಲೋಖಂಡೆಯವರು ವರ್ಷಗಟ್ಟಲೆ ಹೆಣಗಬೇಕಾಯಿತು. 1890ರಲ್ಲಿ ಆ ಭಾನುವಾರ ದೊರೆಯಿತು. 1948ರಲ್ಲಿ ವಿಶ್ವಸಂಸ್ಥೆ ಘೋಷಿಸಿದ ಮಾನವ ಹಕ್ಕುಗಳ ಇಪ್ಪತ್ತನಾಲ್ಕನೆಯ ವಿಧಿ ವಿಶ್ರಾಂತಿಯನ್ನೂ ಸಂಬಳ ಸಹಿತವಾದ ರಜೆಯನ್ನೂ ಪ್ರತಿಯೊಬ್ಬರ ಹಕ್ಕೆಂದು ಹೇಳುತ್ತದೆ. ಅದೇ ವರ್ಷದ ನಮ್ಮ ಕಾರ್ಖಾನೆ ಕಾಯಿದೆ ಇಪ್ಪತ್ತು ದಿನ ದುಡಿದವನಿಗೆ ಒಂದು ದಿನದ ರಜೆಯ ಲೆಕ್ಕ ಹಾಕಿಕೊಟ್ಟಿತು. ಹಕ್ಕಿಗೆ ನಾಚುವುದೇಕೆ?

ಈ ಪಕ್ಷದಲ್ಲಿ ಸತ್ಯವಿದೆ. ಆದರೆ ಅದು ಅರ್ಧ ಸತ್ಯ. ಹಕ್ಕು ಪ್ರತಿಯೊಬ್ಬರದೆಂದು ಬರೆದ ಮೇಲೆ, ಮೆಣಸಿನಕಾಯಿ ಬಿಡಿಸುವವನ ಪಾಲಿನ ರಜೆ ಎಲ್ಲಿದೆ? ಕೆಲಸವಿಲ್ಲದ ದಿನ ಅವನಿಗೆ ರಜೆಯಲ್ಲ, ಉಪವಾಸ. ನಮ್ಮ ಸಂಬಳವಾದರೂ ಎಲ್ಲಿಂದ ಬಂದಿತು? ಅವನು ಕೊಳ್ಳುವ ಸಾಬೂನಿನ ಮೇಲೆ, ಬೆಂಕಿಪೆಟ್ಟಿಗೆಯ ಮೇಲೆ ತೆತ್ತ ತೆರಿಗೆಯೂ ಅದರಲ್ಲಿ ಕೂಡಿದೆ. ನಮ್ಮ ಬೇಸಗೆಯ ರಜೆಗೆ ಹುಡುಗಿಯ ತಂದೆಯೂ ಒಂದಷ್ಟು ಪಾಲು ಹಾಕಿದ್ದನು. ಅದು ಅವನಿಗೂ ತಿಳಿಯದು, ನಮಗೂ ತೋಚಿರಲಿಲ್ಲ.

ಎರಡನೆಯ ಪಕ್ಷ: ಹಾಗಿದ್ದರೆ, ಹತ್ತಿರದವನೊಬ್ಬನು ಕಷ್ಟದಲ್ಲಿರುವ ತನಕ ನಾವು ಯಾವ ಸಂತೋಷವನ್ನೂ ಕೊಳ್ಳಕೂಡದು. ಇದು ಕೇಳಲು ಬಲು ಪವಿತ್ರವಾದ ಮಾತು. ಆದರೆ ಇದನ್ನು ಕಡೆಯ ವರೆಗೆ ಎಳೆದರೆ ಲೋಕದಲ್ಲಿ ಯಾರೂ ಎಂದೂ ನಗಬಾರದೆಂದಾಗುತ್ತದೆ. ಆ ಕೂಲಿಯವನೇ ಊರ ಜಾತ್ರೆಯಲ್ಲಿ ಮಗಳಿಗೆ ಬಳೆ ಕೊಡಿಸುತ್ತಾನೆ. ಅವನಿಗಿಂತ ಬಡವರು ಊರಿನಲ್ಲಿ ಇಲ್ಲವೆಂದೇನಲ್ಲ. ಆ ಬಳೆಯನ್ನು ತಪ್ಪೆನ್ನುವ ಎದೆ ನಮಗುಂಟೆ? ಇಷ್ಟೇ ಅಲ್ಲ. ಬಿಡುವಿಲ್ಲದೆ ಬೆಂದ ಉಪಾಧ್ಯಾಯನ ಕೈ ಬೇಗನೆ ಬೆತ್ತಕ್ಕೆ ಹೋಗುತ್ತದೆಂಬುದನ್ನು ನಾವು ಬಲ್ಲೆವು. ವಿಶ್ರಾಂತಿಯ ಸುಖವನ್ನೇ ಅರಿಯದವನು ಇನ್ನೊಬ್ಬನ ದಣಿವನ್ನು ಅರಿಯುವುದೂ ಕಷ್ಟ.

ಇವೆರಡರ ನಡುವೆ ನಮಗೆ ತೋರಿದ್ದು ಇದು. ಬಿಡುವು ಹಕ್ಕೂ ಹೌದು, ಋಣವೂ ಹೌದು. ಮನುಷ್ಯನು ದೇವಋಣ, ಋಷಿಋಣ, ಪಿತೃಋಣಗಳನ್ನು ಹೊತ್ತೇ ಹುಟ್ಟುತ್ತಾನೆಂದು ನಮ್ಮವರು ಹೇಳಿದರು. ಹಾಗೆ ಹೇಳುವಾಗ ಹುಟ್ಟನ್ನು ಅವರು ತಪ್ಪೆನ್ನಲಿಲ್ಲ. ಋಣವಿರುವುದು ಪಾಪವಲ್ಲ, ಋಣವಿಲ್ಲವೆನ್ನುವುದು ಪಾಪ. ನಮ್ಮ ಶರಣರು ಕಾಯಕದ ಜೊತೆಗೇ ದಾಸೋಹವನ್ನು ಇಟ್ಟದ್ದೂ ಇದಕ್ಕೇ ಇರಬೇಕು: ದುಡಿದದ್ದು ಹಂಚಿಕೆಯಾಗುವ ತನಕ ದುಡಿಮೆಯೇ ಪೂರ್ತಿಯಾಗದು. ಆದರೆ ಎಷ್ಟು ಹಂಚಿದರೆ ಸಾಕು? ನಾಲ್ಕು ಸಾವಿರವೆ, ನಲವತ್ತು ಸಾವಿರವೆ? ಇದಕ್ಕೆ ನಮ್ಮ ಬಳಿ ಕೋಷ್ಟಕವಿಲ್ಲ. ಒಂದು ಒರೆಗಲ್ಲು ಮಾತ್ರ ದೊರೆಯಿತು. ಯಾರಿಗೆ ನಾವು ಇಲ್ಲವೆಂದೆವೋ ಅವನ ಮುಖ ನೋಡಿ ನಮ್ಮ ಸಂತೋಷವನ್ನು ಹೇಳಬಲ್ಲೆವೆ? ಹೇಳಬಲ್ಲೆವಾದರೆ ಅದು ಶುದ್ಧವಾದುದು. ಮುಚ್ಚಿಡಬೇಕಾಗಿ ಬಂದರೆ ಅದರಲ್ಲಿ ಏನೋ ಕಳವಿನ ಮಾಲು ಇದೆ.

ಈ ಒರೆಗಲ್ಲಿಗೂ ಒಂದು ಆಕ್ಷೇಪ ಉಂಟು. ನಾಚಿಕೆಗೆಟ್ಟವನು ತನ್ನ ಭೋಗವನ್ನು ಹಸಿದವನ ಮುಂದೆಯೇ ಡಂಗುರ ಹೊಡೆಯುತ್ತಾನಲ್ಲ, ಅದೂ ಶುದ್ಧವೆ? ಅಲ್ಲ. ಡಂಗುರ ಹೊಡೆಯುವವನಿಗೆ ಉತ್ತರ ಕೇಳುವ ಕಿವಿಯಿಲ್ಲ. ನಾವು ಹೇಳುವ ಮಾತು ಬೇರೆ: ಹೇಳಿ, ಅವನ ಮಾತಿಗಾಗಿ ನಿಲ್ಲಬೇಕು, ಅವನು ಬೈದರೆ ಕೇಳಬೇಕು. ಈ ಒರೆಗೆ ಹಚ್ಚಿ ನೋಡಿದಾಗ ನಮ್ಮ ತಪ್ಪು ನಮಗೆ ಸ್ಪಷ್ಟವಾಯಿತು. ಕಡಲನ್ನು ನೋಡಿದ್ದು ತಪ್ಪಲ್ಲ. ಹಣವಿಟ್ಟುಕೊಂಡು ಇಲ್ಲವೆಂದದ್ದು ತಪ್ಪು. “ಇದೆ, ಇದಕ್ಕಾಗಿ ಇಟ್ಟಿದ್ದೇವೆ” ಎಂದಿದ್ದರೆ ಅವನು ಏನಾದರೂ ಹೇಳುತ್ತಿದ್ದನು, ನಾವೂ ಬಹುಶಃ ಎರಡು ಸಾವಿರ ಕೊಡುತ್ತಿದ್ದೆವು, ಪ್ರಯಾಣ ಒಂದು ವರ್ಷ ಮುಂದಕ್ಕೆ ಹೋಗುತ್ತಿತ್ತು. ಸುಳ್ಳು ಹೇಳಿದ್ದರಿಂದ ಆ ಬಾಗಿಲುಗಳೆಲ್ಲ ಒಮ್ಮೆಗೇ ಮುಚ್ಚಿಹೋದವು.

ಜೂನ್ 12ರಂದು ಶಾಲೆ ತೆರೆಯಿತು. ಆ ವಾರದ ಭಾನುವಾರ ನಾವಿಬ್ಬರೂ ಅವನ ಮನೆಗೆ ಹೋದೆವು. ಇಡೀ ದಾರಿ ಮಾತುಗಳನ್ನು ಜೋಡಿಸಿಕೊಂಡು ಹೋಗಿದ್ದರೂ ಅಂಗಳದಲ್ಲಿ ನಿಂತಾಗ ಎಲ್ಲವೂ ಚೆಲ್ಲಿಹೋದವು. ಹೇಗೋ ಹೇಳಿದೆವು: ಆವತ್ತು ಹಣವಿತ್ತು, ಕೊಡಲಿಲ್ಲ, ಅದರಲ್ಲಿ ಸಮುದ್ರ ನೋಡಿ ಬಂದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದನು. “ಅವತ್ತೇ ಹೇಳಿದ್ರ ನಾನೇನು ಬ್ಯಾಡ ಅಂತಿದ್ನಾ ಸಾರ್? ನಿಮಗೂ ಆಸಿ ಇರೂದಿಲ್ಲೇನು? ಇಲ್ಲ ಅಂದ್ರಿ, ಬಾಗಿಲ ದಾಟಿ ಬಂದೆ. ಐತಿ ಅಂದಿದ್ರ ಕುಂತು ಏನರ ದಾರಿ ಕೇಳ್ತಿದ್ದೆ” ಎಂದನು. ಶಾಂತವಾಗಿ ಹೇಳಿದನು. ಕ್ಷಮಿಸಿದನೆಂದು ನಾವು ಬರೆಯುವಂತಿಲ್ಲ. ಮೂರು ತಿಂಗಳ ಪಾಠ ಅವನ ಮಗಳದು, ಕ್ಷಮೆ ಅವನೊಬ್ಬನ ಕೈಯಲ್ಲಿಲ್ಲ.

ಅವನನ್ನು ನೋಯಿಸಬಾರದೆಂದೇ ಸುಳ್ಳು ಹೇಳಿದೆವೆಂದು ಅಲ್ಲಿಯ ತನಕ ನಮ್ಮನ್ನು ನಾವು ಸಮಾಧಾನ ಪಡಿಸಿಕೊಂಡಿದ್ದೆವು. ನಿಜವಾಗಿ ಆ ಸುಳ್ಳು ಅವನನ್ನು ನಮಗಿಂತ ಸಣ್ಣವನೆಂದು ಎಣಿಸಿತ್ತು. ನಮ್ಮ ಸುಖವನ್ನು ಕಂಡರೆ ಅವನು ಅಸೂಯೆಪಟ್ಟಾನೆಂದು ಬಗೆದೆವು. ಅವನಾದರೋ ನಮಗೂ ಆಸೆಯಿರುವುದನ್ನು ಒಪ್ಪುವಷ್ಟು ದೊಡ್ಡವನಾಗಿದ್ದನು. ಬಡವನಿಂದ ನಾವು ಕದ್ದದ್ದು ನಾಲ್ಕು ಸಾವಿರವಲ್ಲ, ದೊಡ್ಡವನಾಗುವ ಅವಕಾಶ.

ಈ ವರ್ಷ ನಮ್ಮ ಮನೆಯವರು ಎರಡು ಚೀಟಿ ಹಾಕಿದ್ದಾರೆ. ಒಂದು ಚಿಕ್ಕದು, ಇನ್ನೊಂದು ಇನ್ನೂ ಚಿಕ್ಕದು. ಎರಡನೆಯದು ಯಾರಿಗೆಂದು ಮುಂಗಡವಾಗಿ ಹೇಳಿ ಪುಣ್ಯದ ಲೆಕ್ಕ ಬರೆಸಿಕೊಳ್ಳುವ ಇಚ್ಛೆ ನಮಗಿಲ್ಲ. ಮೆಣಸಿನಕಾಯಿಯ ಕಾಲ ಬಂದಾಗ ಗೊತ್ತಾಗುತ್ತದೆ. ಒಬ್ಬ ಮಗುವಿನ ಮೂರು ತಿಂಗಳು ಉಳಿದರೆ ಸೀಮೆಯ ವಲಸೆ ನಿಲ್ಲುವುದಿಲ್ಲ ಎಂಬುದೂ ಗೊತ್ತು. ಅದಕ್ಕೆ ಮಳೆ, ನೀರು, ಕೂಲಿ ಎಲ್ಲವೂ ಬೇಕು.

ಹುಡುಗಿ ಈಗ ಐದನೆಯ ತರಗತಿಯಲ್ಲಿದ್ದಾಳೆ. ಶಾಲೆಯ ನಂತರ ಅರ್ಧ ಗಂಟೆ ನಿಂತು ಭಾಗಾಕಾರ ಕಲಿಯುತ್ತಾಳೆ. ಒಂದು ದಿನ ಬಳಪ ಕೆಳಗಿಟ್ಟು, “ಸಮುದ್ರ ನಮ್ಮ ಕೆರಿಗಿಂತ ದೊಡ್ಡದಾ ಸಾರ್?” ಎಂದು ಕೇಳಿದಳು. ಹೌದೆಂದೆವು. ಬೆಳಗಿನ ಬಲೆಯನ್ನೂ, ಕಟ್ಟಿ ನಿಂತ ದೋಣಿಗಳನ್ನೂ, ಮೀನಿಗೆ ರಜೆ ಎಂದ ಮುದುಕನನ್ನೂ ಒಂದೊಂದಾಗಿ ಹೇಳಿದೆವು. ಆಕೆ ಎಲ್ಲವನ್ನೂ ಕೇಳಿ, “ಮೀನಿಗೂ ರಜಾ ಕೊಡ್ತಾರಾ?” ಎಂದು ಬೆರಗಾಗಿ, ಮತ್ತೆ ಬಳಪ ಹಿಡಿದಳು.